ದೇವನಗರಿಯಲ್ಲಿ ಮೊದಲ ಮೂರು ದಿನಗಳು

ಸತಿಪತಿಗಳ ಪರೀಕ್ಷೆಯು ಸ್ವಗೃಹದಲ್ಲಿ ಆಗುವುದಕ್ಕಿಂತ ಪರಸ್ಥಳದಲ್ಲಿಯೇ ಚೆನ್ನಾಗಿ ಆಗುತ್ತದೆ. ಮನೆಯಲ್ಲಾದರೆ ಪಡಸಾಲೆ ಒಬ್ಬರದು, ಅಡಿಗೆಮನೆ ಒಬ್ಬರದು; ಮಾತು ಕಡಮೆಯಾದರೂ ಸಂಸಾರವು ಸಾಗಿಯೇ ಸಾಗುತ್ತದೆ. ಭಾಷೆ ತಿಳಿಯದ ಊರಿನ ಬೀದಿಯಲ್ಲಿ ನಿಂತಾಗಲಾದರೋ ಈ ಎಲ್ಲೆಗಳು ಅಳಿಸಿಹೋಗಿ ಇಬ್ಬರೂ ಸಮನಾಗಿ ಮಕ್ಕಳಂತಾಗುತ್ತಾರೆ. ವೃದ್ಧಾಪ್ಯದ ಹೊಸ್ತಿಲಲ್ಲಿ ಹೊರದೇಶಕ್ಕೆ ಹೊರಡಬೇಕೆಂದಿರುವ ವಾಚಕ ದಂಪತಿಗಳಿಗೆ ಉಪಯೋಗವಾದೀತೆಂದು, ಥಾಯ್ಲೆಂಡಿನ ರಾಜಧಾನಿಯಾದ ಬ್ಯಾಂಕಾಕಿನಲ್ಲಿ ನಾವಿಬ್ಬರೂ ಕಳೆದ ಮೊದಲ ಮೂರು ದಿನಗಳ ವಿಚಾರವನ್ನು ಈ ತಿಂಗಳು ನಿವೇದಿಸುತ್ತೇನೆ.

ಬೆಂಗಳೂರಿನಿಂದ ಅಲ್ಲಿಗೆ ವಿಮಾನದಲ್ಲಿ ನಾಲ್ಕು ಗಂಟೆಗೆ ಹೆಚ್ಚುಕಡಮೆಯಾದ ದಾರಿ. ಇಳಿದ ಕೂಡಲೆ ಗಡಿಯಾರವನ್ನು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡರೆ ಸಾಕು. ಸಂವತ್ಸರವನ್ನಾದರೋ ೫೪೩ ವರ್ಷ ಮುಂದಕ್ಕೆ ಎಣಿಸಬೇಕು. ಏಕೆಂದರೆ ಅಲ್ಲಿ ವ್ಯವಹಾರದಲ್ಲಿರುವುದು ಬುದ್ಧಶಕ. ೨೦೦೬ರಲ್ಲಿ ತೆರೆದ ವಿಮಾನ ನಿಲ್ದಾಣಕ್ಕೆ ಸುವರ್ಣಭೂಮಿಯೆಂದು ಹೆಸರು. ಹಾಗೆಂದು ಬರೆದು, 'ಸುವನ್ನಫೂಮ್' ಎಂದು ಉಚ್ಚರಿಸುತ್ತಾರೆ. ಹಿಂದಿರುಗುವಾಗ ಹೊರಡುವವರ ಭಾಗದಲ್ಲಿ, ದೇವಾಸುರರು ವಾಸುಕಿಯನ್ನು ಹಿಡಿದು ಸಮುದ್ರಮಥನ ಮಾಡುತ್ತಿರುವ ದೊಡ್ಡ ಪ್ರತಿಮಾಸಮೂಹವನ್ನು ಕಾಣಬಹುದು.

ಬ್ಯಾಂಕಾಕೆಂಬುದು ಪರದೇಶೀಯರು ಕರೆಯುವ ಹೆಸರು. ಊರಿನವರ ಬಾಯಲ್ಲಿ ಅದು 'ಕ್ರುಂಗ್ ಥೇಪ್', ಎಂದರೆ ದೇವನಗರಿ. ೧೭೮೨ರಲ್ಲಿ ಚಕ್ರೀ ವಂಶದ ಮೊದಲನೆಯ ರಾಮನು ರಾಜಧಾನಿಯನ್ನು ನದಿಯ ಈ ದಡಕ್ಕೆ ತಂದನು. ಈ ನಗರದ ಪೂರ್ಣನಾಮವು ಒಂದು ದಂಡಕದಷ್ಟು ಉದ್ದವಾದದ್ದು. ಕಿವಿಗೊಟ್ಟು ಕೇಳಿದರೆ ಅದರಲ್ಲಿ ಮಹಾನಗರ, ಅಮರ, ರತ್ನ, ಮಹೇಂದ್ರ, ಅಯೋಧ್ಯಾ, ನವರತ್ನ, ರಾಜಧಾನಿ ಎಂಬ ಶಬ್ದಗಳು ಒಂದೊಂದಾಗಿ ಹೊಳೆಯುತ್ತವೆ. ಕಡೆಯಲ್ಲಿ ಶಕ್ರನು ಕೊಟ್ಟದ್ದು, ವಿಶ್ವಕರ್ಮನು ಕಟ್ಟಿದ್ದು ಎಂಬ ಅರ್ಥ ಬರುತ್ತದೆ.

ಸಂಸ್ಕೃತಾಭ್ಯಾಸ ಮಾಡಿದವನಿಗೆ ಆ ಊರಿನ ಬೀದಿಗಳೇ ಒಂದು ನಿಘಂಟು. ಟೆಲಿಫೋನಿಗೆ ಅವರು 'ಥೊರಸಪ್' ಎನ್ನುತ್ತಾರೆ, ಬಿಡಿಸಿದರೆ ದೂರಶಬ್ದ. ವಿಮಾನವು 'ಆಕಾತ್ಸಯಾನ್', ಎಂದರೆ ಆಕಾಶಯಾನ. ನಮಸ್ಕಾರಕ್ಕೆ ಹೇಳುವ 'ಸವತ್ದೀ' ಎಂಬುದು ನಮ್ಮ ಸ್ವಸ್ತಿ. ಉಪಾಧ್ಯಾಯನು 'ಖ್ರೂ', ಎಂದರೆ ಗುರು. ಗಂಡನಿಗೆ 'ಸಾಮೀ', ಹೆಂಡತಿಗೆ 'ಫನ್ರಯಾ'. ಸ್ವಾಮಿ ಮತ್ತು ಭಾರ್ಯಾ. ಇದನ್ನೆಲ್ಲ ಮೊದಲ ದಿನದ ಸಂಜೆ ನಮ್ಮ ಮನೆಯಾಕೆಗೆ ಉತ್ಸಾಹದಿಂದ ವಿವರಿಸುತ್ತಿದ್ದಾಗ ಆಕೆ ಸಮಾಧಾನದಿಂದ ಕೇಳಿ, "ಎಲ್ಲಾ ಸರಿಯೇ. ಇದರಲ್ಲಿ ಮೀನು ಹಾಕಬೇಡಿ ಎಂದು ಹೇಳುವುದಕ್ಕೆ ನಿಮ್ಮ ಅಮರಕೋಶದಲ್ಲಿ ಏನಾದರೂ ಇದೆಯೇ ನೋಡಿ" ಎಂದಳು.

ಆ ಪ್ರಶ್ನೆಯು ಹಾಸ್ಯಕ್ಕೆ ಆಡಿದ್ದಲ್ಲ. ಆ ದೇಶದ ಅಡಿಗೆಯಲ್ಲಿ ಉಪ್ಪಿನ ಸ್ಥಾನದಲ್ಲಿ ಮೀನಿನ ರಸವನ್ನೇ ಬಳಸುವುದು ರೂಢಿ. ತರಕಾರಿ ಮಾತ್ರ ಕಾಣುವ ತಟ್ಟೆಯಲ್ಲಿಯೂ ಅದು ಅಡಗಿರುತ್ತದೆ. ಮೊದಲ ರಾತ್ರಿ ಕಟ್ಟಿಕೊಂಡು ಹೋಗಿದ್ದ ಅವಲಕ್ಕಿ ಮತ್ತು ಚಟ್ನಿಪುಡಿ ನಮ್ಮನ್ನು ಕಾಪಾಡಿದವು. ಮರುದಿನ ಬೆಳಿಗ್ಗೆ ಒಂದು ಗಲ್ಲಿಯ ತುದಿಯಲ್ಲಿ, ಹಳದಿಯ ಫಲಕದ ಮೇಲೆ ಕೆಂಪಿನಲ್ಲಿ ಬರೆದ ಒಂದು ಗುರುತನ್ನು ಆಕೆಯೇ ಮೊದಲು ಕಂಡಳು. ಅದು 'ಜೇ' ಎಂಬ ಅಕ್ಷರ. ಚೀಣೀ ಬೌದ್ಧರ ಸಂಪ್ರದಾಯದಂತೆ ಮಾಂಸ, ಮೀನು, ಮೊಟ್ಟೆಗಳನ್ನು ಬಿಟ್ಟು, ಈರುಳ್ಳಿ ಬೆಳ್ಳುಳ್ಳಿಗಳನ್ನೂ ವರ್ಜಿಸಿ ಮಾಡಿದ ಅಡಿಗೆ ಅಲ್ಲಿ ದೊರೆಯುತ್ತದೆ. ಹಾಲು ಮೊಸರೂ ಅದರಲ್ಲಿ ನಿಷಿದ್ಧವೆಂಬುದೊಂದೇ ನಮಗೆ ಕೊರತೆ. ಚಾಂದ್ರಮಾನದ ಒಂಬತ್ತನೆಯ ತಿಂಗಳಲ್ಲಿ ಒಂಬತ್ತು ದಿನ ನಡೆಯುವ ಉತ್ಸವದಲ್ಲಿ ಆ ಹಳದಿ ಬಾವುಟಗಳು ಊರಿನ ಅಂಗಡಿಗಳ ಮುಂದೆಲ್ಲ ಹಾರಾಡುವುವು. ನಾವು ಅಂದು ಬಿಸಿ ಅನ್ನ, ಹುರಿದ ಸೊಪ್ಪು ಉಂಡು, ತೆಂಗಿನಹಾಲಿನಲ್ಲಿ ಕಲಸಿದ ಅಂಟಕ್ಕಿಯ ಅನ್ನದೊಡನೆ ಮಾವಿನಹಣ್ಣು ತಿಂದು ತೃಪ್ತರಾದೆವು.

ಆ ಊರಿನ ಜನಸಂದಣಿ ನಮ್ಮ ಬೆಂಗಳೂರಿಗೆ ಕಡಮೆಯಿಲ್ಲ. ಬೀದಿಗಳಲ್ಲಿ ಮೂರು ಚಕ್ರದ 'ತುಕ್‌ತುಕ್' ಗಾಡಿಗಳು, ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಾಡಿಗೆಗೆ ಮೋಟಾರು ಸೈಕಲ್ಲಿನಲ್ಲಿ ಕೂರಿಸಿಕೊಂಡು ಹೋಗುವವರು, ಒಂದರ ಹಿಂದೊಂದು ನಿಂತ ಕಾರುಗಳು. ಇವೆಲ್ಲದರ ಮೇಲೆ ಎತ್ತರದ ಕಂಬಗಳ ಮೇಲೆ ೧೯೯೯ರಿಂದ ಓಡುತ್ತಿರುವ ರೈಲು. ಅದನ್ನು ಹತ್ತುವ ಮುಂಚೆಯೇ ನಮ್ಮಾಕೆ ಒಂದು ಕರಾರು ಮಾಡಿದ್ದಳು: "ಒಬ್ಬರು ಒಳಗೂ ಒಬ್ಬರು ಹೊರಗೂ ಆಗಿಬಿಟ್ಟರೆ, ಒಳಗಿದ್ದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲಿಯೇ ನಿಂತಿರಬೇಕು. ಹೊರಗಿದ್ದವರು ಮುಂದಿನ ಗಾಡಿಯಲ್ಲಿ ಬರಬೇಕು. ಹುಡುಕಿಕೊಂಡು ಹೊರಡುವುದು ಇಬ್ಬರಿಗೂ ಬೇಡ."

ಎರಡನೆಯ ದಿನ ಮಧ್ಯಾಹ್ನ, ೧೯೫೬ರಲ್ಲಿ ಸ್ಥಾಪಿತವಾದ ಚತುರ್ಮುಖ ಬ್ರಹ್ಮನ ಗುಡಿಯನ್ನು ನೋಡಲು ಸಯಾಮ್ ನಿಲ್ದಾಣದಲ್ಲಿ ಗಾಡಿ ಹತ್ತುತ್ತಿದ್ದೆವು. ಎರಡು ಮಾರ್ಗಗಳು ಕೂಡುವ ಸ್ಥಳವಾದ್ದರಿಂದ ನೂಕುನುಗ್ಗಲು ವಿಪರೀತ. ಜನಪ್ರವಾಹವು ಆಕೆಯನ್ನು ಒಳಕ್ಕೆ ಒಯ್ದಿತು, ಬಾಗಿಲುಗಳು ಮುಚ್ಚಿದವು, ಗಾಡಿ ಹೊರಟುಹೋಯಿತು. ನಮ್ಮಲ್ಲಿದ್ದ ಒಂದೇ ಫೋನು ನನ್ನ ಜೇಬಿನಲ್ಲಿತ್ತು. ಹಣವೂ ನನ್ನಲ್ಲಿಯೇ. ಆಕೆಗೆ ಅಲ್ಲಿನ ಲಿಪಿ ಬಾರದು, ಇಂಗ್ಲಿಷಿನ ಪರಿಚಯವೂ ಅಲ್ಪ. ಮುಂದಿನ ಗಾಡಿ ಬರಲು ಹಿಡಿದದ್ದು ಕೆಲವೇ ನಿಮಿಷಗಳು. ಆದರೆ ಮೂವತ್ತೈದು ವರ್ಷಗಳ ಸಂಸಾರದಲ್ಲಿ ಅಷ್ಟು ದೀರ್ಘವಾದ ಹೊತ್ತು ಇನ್ನೊಂದು ನನ್ನ ನೆನಪಿನಲ್ಲಿಲ್ಲ.

ಚಿತ್‌ಲೋಮ್ ನಿಲ್ದಾಣದಲ್ಲಿ ಇಳಿದು ನೋಡಿದರೆ, ಆಕೆ ಕಂಬದ ಪಕ್ಕದಲ್ಲಿ ನಿಶ್ಚಿಂತಳಾಗಿ ನಿಂತಿದ್ದಾಳೆ. ಕಚೇರಿಗೆ ಹೋಗುವವಳಂತಿದ್ದ ಒಬ್ಬ ತರುಣಿ ಆಕೆಯ ಕೈ ಹಿಡಿದುಕೊಂಡಿದ್ದಾಳೆ. ಇಬ್ಬರಿಗೂ ಪರಸ್ಪರ ಒಂದು ಮಾತೂ ತಿಳಿಯದು. ನನ್ನನ್ನು ಕಂಡೊಡನೆ ಆ ಹುಡುಗಿ ಕೈ ಜೋಡಿಸಿ ತಲೆ ಬಾಗಿಸಿ, ಗಾಡಿ ಹತ್ತಿ ಹೊರಟುಹೋದಳು. ನಮ್ಮಾಕೆ ಅವಳು ಹೋದತ್ತಲೇ ನೋಡುತ್ತ, "ನೀವು ಬರುತ್ತೀರೆಂದು ನನಗೆ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ ನೋಡಿ, ಪಾಪ, ಬಹಳ ಹೆದರಿದ್ದಳು" ಎಂದಳು.

ಮೂರನೆಯ ದಿನ ಅರಮನೆಯ ದರ್ಶನ. ಅಲ್ಲಿ ಭುಜವೂ ಮೊಳಕಾಲೂ ಮುಚ್ಚುವಂಥ ಉಡುಪು ಕಡ್ಡಾಯ. ಸೀರೆ ಪಂಚೆಗಳಿಗೆ ಏನೂ ಅಡ್ಡಿಯಿಲ್ಲ. ದ್ವಾರಕ್ಕೆ ಇನ್ನೂ ನೂರು ಮಾರು ಇರುವಾಗಲೇ ಸಭ್ಯನಂತೆ ಕಾಣುವ ಒಬ್ಬನು ಎದುರಾಗಿ, ಇಂದು ಅರಮನೆಗೆ ರಜವೆಂದೂ, ಕಡಮೆ ಬಾಡಿಗೆಯಲ್ಲಿ ಬೇರೆ ದೇವಾಲಯಗಳನ್ನು ತೋರಿಸುವೆನೆಂದೂ ಹೇಳಿದನು. ಇಂಥವರು ಯಾತ್ರಿಕರನ್ನು ಗಾಡಿಯಲ್ಲಿ ಸುತ್ತಿಸಿ ಕಡೆಗೆ ರತ್ನದ ಅಂಗಡಿಗೋ ದರ್ಜಿಯ ಅಂಗಡಿಗೋ ಕೊಂಡೊಯ್ದು ಬಿಡುವುದು ಆ ಊರಿನಲ್ಲಿ ಪ್ರಸಿದ್ಧವಾದ ಉಪಾಯ. ನಮ್ಮಾಕೆ ನನ್ನ ಕಿವಿಯಲ್ಲಿ, "ಮುಚ್ಚಿದ ಬಾಗಿಲಿಗೆ ಅಷ್ಟೊಂದು ಜನ ಏಕೆ ಹೋಗುತ್ತಿದ್ದಾರೆ?" ಎಂದಳು. ತರ್ಕಶಾಸ್ತ್ರದ ಹೇತುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನಾವು ನೆಟ್ಟಗೆ ಒಳಕ್ಕೆ ನಡೆದೆವು.

ಅರಮನೆಯ ಆವರಣದಲ್ಲಿಯೇ ಮರಕತಬುದ್ಧನ ಮಂದಿರ. ಮೂರ್ತಿಯು ಒಂದು ಗಜಕ್ಕಿಂತಲೂ ಕಿರಿದು; ಬೇಸಗೆ, ಮಳೆ, ಚಳಿ ಎಂದು ವರ್ಷಕ್ಕೆ ಮೂರು ಸಲ ರಾಜನೇ ಅದರ ಉಡುಪನ್ನು ಬದಲಿಸುವ ಸಂಪ್ರದಾಯವುಂಟು. ಸುತ್ತಲಿನ ಪ್ರಾಕಾರದ ಗೋಡೆಯ ಮೇಲೆ ೧೭೮ ಭಾಗಗಳಲ್ಲಿ 'ರಾಮಕಿಯನ್' ಎಂಬ ಅವರ ರಾಮಾಯಣವು ಚಿತ್ರಿತವಾಗಿದೆ. ಮೊದಲನೆಯ ರಾಮನ ಕಾಲದಲ್ಲಿ, ೧೭೯೭ರಲ್ಲಿ, ರಚಿತವಾದ ಕಾವ್ಯ ಅದು. ಅಲ್ಲಿ ರಾವಣನ ಹೆಸರು 'ಥೊತ್ಸಕಾನ್', ಎಂದರೆ ದಶಕಂಠ.

ನಮ್ಮ ಮನೆಯಾಕೆ ಪ್ರತಿ ಶನಿವಾರ ಆಂಜನೇಯನಿಗೆ ದೀಪವಿಡುವವಳು. ಆ ಕಥೆಯಲ್ಲಾದರೋ ಹನುಮಂತನು ಬ್ರಹ್ಮಚಾರಿಯಲ್ಲ. ಸೇತುವೆಯನ್ನು ಕೆಡಿಸಲು ಬಂದ ರಾವಣನ ಮಗಳು ಸುವರ್ಣಮತ್ಸ್ಯೆಯೆಂಬ ಮೀನಿನ ದೇಹದ ಕನ್ಯೆಯನ್ನು ಒಲಿಸಿಕೊಂಡು ಅವಳಲ್ಲಿ ಒಬ್ಬ ಮಗನನ್ನು ಪಡೆಯುತ್ತಾನೆ. ಇದನ್ನು ನಾನು ಹೇಳಿದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಪಕ್ಕದಲ್ಲಿದ್ದ ನಮ್ಮ ದೇಶದ ಯಾತ್ರಿಕರೊಬ್ಬರು, "ಎಲ್ಲವೂ ನಮ್ಮಿಂದ ಬಂದದ್ದು, ತಂದು ಕೆಡಿಸಿಬಿಟ್ಟಿದ್ದಾರೆ" ಎಂದು ಕೋಪದಿಂದ ನುಡಿದರು.

ಆಗ ನಮ್ಮಾಕೆ ಹೇಳಿದ್ದಿಷ್ಟು: "ಕೊಟ್ಟ ಮಗಳ ಮನೆಗೆ ಹೋದವರು, ಸಾರು ನಮ್ಮ ಮನೆಯ ಹಾಗಿಲ್ಲವೆಂದು ಬೀಗರೊಡನೆ ಜಗಳವಾಡುವುದುಂಟೇ? ಮಗಳನ್ನು ಚೆನ್ನಾಗಿ ನೋಡಿಕೊಂಡಿದ್ದಾರೋ ಇಲ್ಲವೋ, ಅಷ್ಟನ್ನು ಕಂಡು ಬರಬೇಕು. ಇನ್ನೂರು ವರ್ಷದಿಂದ ಈ ಗೋಡೆಗೆ ಬಣ್ಣ ಹಚ್ಚಿ ಹಚ್ಚಿ ಕಾಪಾಡಿದ್ದಾರೆ. ನನ್ನ ಆಂಜನೇಯ ನನ್ನ ಮನೆಯಲ್ಲಿಯೇ ಇದ್ದಾನೆ, ಅವನಿಗೇನೂ ಆಗಲಿಲ್ಲ."

ಆ ಮಾತಿಗೆ ಶಾಸ್ತ್ರಾಧಾರವನ್ನು ಕೊಡುವುದಷ್ಟೇ ನನ್ನ ಪಾಲಿನ ಕೆಲಸ. ಭಿನ್ನವಾದ ರಾಮಕಥೆಯನ್ನು ಕಾಣಲು ಕನ್ನಡಿಗರು ಸಮುದ್ರವನ್ನು ದಾಟಬೇಕಾಗಿಯೇ ಇಲ್ಲ. ನಾಗಚಂದ್ರನ ರಾಮಚಂದ್ರಚರಿತಪುರಾಣದಲ್ಲಿ ಜೈನಸಂಪ್ರದಾಯದಂತೆ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಆ ಕಾವ್ಯವನ್ನು ಪಾಠಶಾಲೆಗಳಲ್ಲಿ ಆದರದಿಂದ ಓದಿಸಿದ ನಾವು, ಪರದೇಶದವರ ಗೋಡೆಯ ಮುಂದೆ ನಿಂತು ಮುನಿಯುವುದು ನ್ಯಾಯವಾಗಲಾರದು.

ಅಪರಾಹ್ನ ದೋಣಿಯಲ್ಲಿ ಚಾವೋ ಫ್ರಾಯಾ ನದಿಯನ್ನು ದಾಟಿ, ಸೂರ್ಯಸಾರಥಿಯಾದ ಅರುಣನ ಹೆಸರಿನ ಮಂದಿರವನ್ನು ನೋಡಿದೆವು. ಅದರ ಗೋಪುರದ ತುಂಬ ಚೀಣೀ ಪಿಂಗಾಣಿಯ ಚೂರುಗಳನ್ನು ಹೂವಿನಾಕಾರದಲ್ಲಿ ಕೂಡಿಸಿದ್ದಾರೆ. ಒಡೆದ ಬಟ್ಟಲುಗಳಿಗೆ ಇಷ್ಟು ಒಳ್ಳೆಯ ಗತಿ ದೊರೆತದ್ದನ್ನು ಕಂಡು ನಮ್ಮಾಕೆಗೆ ಮರಕತಬುದ್ಧನಿಗಿಂತಲೂ ಹೆಚ್ಚು ಸಂತೋಷವಾಯಿತು.

ಹೊರಡುವ ದಂಪತಿಗಳಿಗೆ ಕೆಲವು ಮಾತುಗಳು. ತಂಗುವ ಸ್ಥಳದ ಹೆಸರನ್ನು ಅಲ್ಲಿನ ಲಿಪಿಯಲ್ಲಿಯೇ ಚೀಟಿಯ ಮೇಲೆ ಬರೆಯಿಸಿ ಇಬ್ಬರೂ ಒಂದೊಂದನ್ನು ಇಟ್ಟುಕೊಳ್ಳಿರಿ. ಹಣವನ್ನೂ ಎರಡು ಪಾಲು ಮಾಡಿರಿ. ಬುದ್ಧಮೂರ್ತಿಯ ಕಡೆಗೆ ಕಾಲು ಚಾಚಬಾರದು. ಮಕ್ಕಳ ತಲೆಯನ್ನು ಮುದ್ದಿಗಾಗಿಯೂ ಮುಟ್ಟಬಾರದು. ಸ್ತ್ರೀಯರು ಭಿಕ್ಷುಗಳನ್ನು ಸೋಕಬಾರದು. ಬೆಳಿಗ್ಗೆ ಎಂಟಕ್ಕೂ ಸಂಜೆ ಆರಕ್ಕೂ ರಾಷ್ಟ್ರಗೀತೆ ಕೇಳಿಬಂದರೆ, ಸುತ್ತಲಿನವರು ನಿಂತಂತೆ ನೀವೂ ನಿಲ್ಲಿರಿ. ದೇವಾಲಯಗಳನ್ನು ಬಿಸಿಲೇರುವ ಮುಂಚೆಯೇ ನೋಡಿ ಮುಗಿಸುವುದು ಲೇಸು.

ನಾಲ್ಕನೆಯ ದಿನ ನಾವು ಅಯೋಧ್ಯೆಯ ಹೆಸರನ್ನು ಹೊತ್ತು, ೧೭೬೭ರಲ್ಲಿ ಬರ್ಮಾ ಸೈನ್ಯದಿಂದ ಹಾಳಾದ ಅಯುತ್ಥಯಾ ಎಂಬ ಹಳೆಯ ರಾಜಧಾನಿಗೆ ಹೋದೆವು. ಆ ವೃತ್ತಾಂತವನ್ನು ಮುಂದಿನ ಸಂಚಿಕೆಯಲ್ಲಿ ಅರಿಕೆ ಮಾಡುವೆನು.