ಎರವಿನ ತಂತಿ, ಸ್ವಂತ ನಾದ

ಏಷ್ಯಾಖಂಡದ ನಾನಾ ದೇಶಗಳಲ್ಲಿ 1960 ಮತ್ತು 1970ರ ದಶಕಗಳಲ್ಲಿ ತಲೆಯೆತ್ತಿದ, ಭ್ರಮಾಲೋಕದ ಅನುಭವವನ್ನು ನಾದದಲ್ಲಿ ಹಿಡಿಯಹೊರಟ ಸೈಕೆಡೆಲಿಕ್ ರಾಕ್ ಸಂಗೀತದ ಪ್ರಸ್ತಾಪ ಬಂದೊಡನೆಯೇ, ಅದೆಲ್ಲ ಪಾಶ್ಚಾತ್ಯರ ಅನುಕರಣವೆಂದು ಒಂದೇ ಮಾತಿನಲ್ಲಿ ತೀರ್ಪಿತ್ತು ಕೈತೊಳೆದುಕೊಳ್ಳುವ ವಿದ್ಯಾವಂತರು ನಮ್ಮಲ್ಲಿ ಕಡಮೆಯಿಲ್ಲ. ವಿದ್ಯುತ್ ಗಿಟಾರೂ, ಅದರ ನಾದವನ್ನು ಬೇಕೆಂದೇ ಬಿರಿಯುವಂತೆ ಮಾಡುವ ಫಜ್ ಪೆಟ್ಟಿಗೆಯೂ ಅಮೆರಿಕ, ಇಂಗ್ಲೆಂಡುಗಳಿಂದ ಬಂದುವೆಂಬುದು ನಿಜ. ಅದನ್ನು ಯಾರೂ ಮರೆಮಾಚಿಲ್ಲ. ಆದರೆ ವಾದ್ಯವು ಹುಟ್ಟಿದ ಊರಿನ ಹೆಸರು ಹೇಳಿದ ಮಾತ್ರಕ್ಕೆ ಗಾನದ ಯೋಗ್ಯತೆ ನಿರ್ಣಯವಾಗುವುದಾದರೆ, ಐರೋಪ್ಯರ ಪಿಟೀಲನ್ನು ಬಾಲುಸ್ವಾಮಿ ದೀಕ್ಷಿತರು ಕರ್ಣಾಟಕ ಸಂಗೀತಕ್ಕೆ ಒಗ್ಗಿಸಿಕೊಂಡುದನ್ನೂ, ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಬಿಗಿದು ನುಡಿಸಿದುದನ್ನೂ ಅನುಕರಣದ ಲೆಕ್ಕಕ್ಕೇ ಬರೆಯಬೇಕಾದೀತು. ಎರವು ತಂದುದೇನು ಎಂಬುದಕ್ಕಿಂತ, ತಂದುದನ್ನು ಏನು ಮಾಡಿದರು ಎಂಬುದೇ ವಿಮರ್ಶಕನು ಕೇಳಬೇಕಾದ ಪ್ರಶ್ನೆ.

ಈ ಸಂಗೀತವು ಪೂರ್ವದೇಶಗಳಿಗೆ ಬಂದುದು ಬಹುಮಟ್ಟಿಗೆ ಸೈನ್ಯದ ಬೆನ್ನಹಿಂದೆ. ವಿಯೆಟ್ನಾಮ್ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರಿಗೆಂದು ಪ್ರಸಾರವಾಗುತ್ತಿದ್ದ ರೇಡಿಯೋ ಗಡಿಯಾಚೆಯ ಕಾಂಬೋಡಿಯದ ತರುಣರ ಕಿವಿಗೂ ಬೀಳುತ್ತಿತ್ತು. ದಕ್ಷಿಣ ಕೊರಿಯಾದಲ್ಲಿ ಬೀಡುಬಿಟ್ಟ ಅಮೆರಿಕದ ಎಂಟನೆಯ ಸೇನೆಯ ಕ್ಲಬ್ಬುಗಳಲ್ಲಿ ಸಿಪಾಯಿಗಳ ಮನರಂಜನೆಗಾಗಿ ಗಿಟಾರ್ ನುಡಿಸುತ್ತ ಕೈ ಪಳಗಿಸಿಕೊಂಡವರು ಷಿನ್ ಜುಂಗ್-ಹ್ಯೊನ್. ಆದರೆ ಅವರು 1974ರಲ್ಲಿ ಪ್ರಕಟಿಸಿದ ‘ಮಿ-ಇನ್’ ಎಂಬ ಹಾಡಿನಲ್ಲಿ ವಿದ್ಯುತ್ ಗಿಟಾರಿನ ತಂತಿಯು ಕೊರಿಯಾದ ಪ್ರಾಚೀನ ವಾದ್ಯವಾದ ಗಯಾಗುಮಿನಂತೆ ಬಿಡಿಬಿಡಿಯಾಗಿ ಮೀಟಿಸಿಕೊಂಡು, ಮೀಟಿದ ಸ್ವರ ಬಳುಕಿ, ಅಡಗುವ ಮುನ್ನವೇ ಮುಂದಿನದು ಎದ್ದುಬರುವ ರೀತಿಯನ್ನು ಗಮನಿಸಿದವರಿಗೆ, ಬೆರಳು ಪಳಗಿದುದು ಸೇನೆಯ ಕ್ಲಬ್ಬಿನಲ್ಲಾದರೂ ಕಿವಿ ತಾಯ್ನೆಲದ್ದೇ ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದಕ್ಕಿಂತಲೂ ವಿಶದವಾದ ನಿದರ್ಶನ ತುರ್ಕಿ ದೇಶದ್ದು. ಅಲ್ಲಿನ ‘ಹುರಿಯೆತ್’ ದಿನಪತ್ರಿಕೆಯು 1965ರಲ್ಲಿ ‘ಚಿನ್ನದ ಮೈಕ್’ ಎಂಬ ಗಾಯನ ಸ್ಪರ್ಧೆಯನ್ನು ಆರಂಭಿಸಿ, ಸ್ಪರ್ಧಿಗಳು ತುರ್ಕಿ ಭಾಷೆಯಲ್ಲಿ ಹೊಸ ಹಾಡು ಕಟ್ಟಬೇಕು, ಇಲ್ಲವೇ ಜಾನಪದ ಗೀತೆಯನ್ನು ಪಾಶ್ಚಾತ್ಯ ವಾದ್ಯಗಳಿಗೆ ಅಳವಡಿಸಬೇಕು ಎಂಬ ನಿಯಮವಿಟ್ಟಿತು. ನಿಯಮ ಸಣ್ಣದು, ಫಲ ದೊಡ್ಡದು. 1967ರಲ್ಲಿ ಜೆಮ್ ಕರಾಜಾ ಅವರು ಜನಪದ ಕವಿ ಎಮ್ರಾಹನ ಪದ್ಯವನ್ನು ರಾಕ್ ಮೇಳದೊಡನೆ ಹಾಡಿ ಎರಡನೆಯ ಸ್ಥಾನ ಪಡೆದರು. ನಗರದ ತರುಣರು ಅನತೋಲಿಯಾದ ಹಳ್ಳಿಗಾಡಿನ ಹಾಡುಗಳತ್ತ ಮುಖಮಾಡಿದರು. ಆ ಹಾಡುಗಳನ್ನು ಗಿಟಾರಿನಲ್ಲಿ ನುಡಿಸಹೊರಟವರಿಗೆ ತೊಡಕೊಂದು ಎದುರಾಯಿತು: ಗಿಟಾರಿನ ಲೋಹದ ಮೆಟ್ಟಿಲುಗಳು ಕದಲುವಂಥವಲ್ಲ, ಅರ್ಧಸ್ವರಕ್ಕಿಂತ ಸೂಕ್ಷ್ಮವಾದ ಅಂತರಗಳಿಗೆ ಅಲ್ಲಿ ಎಡೆಯಿಲ್ಲ. ಹಳ್ಳಿಯ ಬಾಗ್ಲಾಮಾ ವಾದ್ಯದ ಮೆಟ್ಟಿಲುಗಳಾದರೋ ದಂಡಿಗೆಗೆ ಸುತ್ತಿ ಗಂಟುಹಾಕಿದ ಎಳೆಗಳು. ಅವನ್ನು ರಾಗಕ್ಕೆ ತಕ್ಕಂತೆ ಸರಿಸಬಹುದು. ರಾಕ್ ಗಾಯಕ ಎರ್ಕಿನ್ ಕೊರಾಯ್ ಮೊದಲಾದವರು ಹಳ್ಳಿಯ ರಾಗವನ್ನು ಗಿಟಾರಿಗೆ ತಕ್ಕಂತೆ ಮೊಟಕುಮಾಡದೆ, ಬಾಗ್ಲಾಮಾಕ್ಕೇ ವಿದ್ಯುತ್ ಸಂಪರ್ಕವನ್ನು ಕೊಟ್ಟು, ಎರಡು, ಎರಡು, ಎರಡು, ಮೂರು ಎಂದು ಹೆಜ್ಜೆಯಿಡುವ ಒಂಬತ್ತು ಮಾತ್ರೆಗಳ ತಾಳವನ್ನು ಡ್ರಮ್ಮಿಗೆ ಕಲಿಸಿದರು. ಇದನ್ನು ಅನುಕರಣವೆನ್ನುವವರು ಆ ಶಬ್ದದ ಅರ್ಥವನ್ನೇ ಸಡಿಲಗೊಳಿಸಬೇಕಾಗುತ್ತದೆ.

ಹೆಚ್ಚುಕಡಮೆ ಅದೇ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಸಿಗರೇಟು ಕಂಪನಿಯೊಂದರ ಆಶ್ರಯದಲ್ಲಿ ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆ ನಡೆದು, 1970 ಮತ್ತು 1971ರ ಸ್ಪರ್ಧೆಗಳ ಧ್ವನಿಮುದ್ರಿಕೆಗಳು ಹೊರಬಂದುವು. ಅವುಗಳಲ್ಲಿ ಉತ್ಸಾಹಕ್ಕೂ ಕೈಚಳಕಕ್ಕೂ ಕೊರತೆಯಿಲ್ಲ. ಆದರೆ ಹಾಡುಗಾರಿಕೆ ಬಹುತೇಕ ಇಂಗ್ಲಿಷಿನಲ್ಲಿ, ಧಾಟಿಯೂ ಆ ಸೀಮೆಯದೇ. ಅನುಕರಣವೆಂಬ ಆಕ್ಷೇಪಣೆ ಎಲ್ಲಿಯಾದರೂ ತಗಲುವುದಾದರೆ ಇಲ್ಲಿ ತಗಲೀತು. ಆನಂದ ಶಂಕರರು 1970ರಲ್ಲಿ ಸಿತಾರನ್ನೂ ಮೂಗ್ ಸಿಂಥಸೈಜರನ್ನೂ ಜೊತೆಗೂಡಿಸಿ ಮಾಡಿದ ಪ್ರಯೋಗ ಗಣ್ಯವಾದುದೇ ಸರಿ. ಆದರೂ ಈ ಬೆಸುಗೆಯನ್ನು ನಮ್ಮ ಜನಸಾಮಾನ್ಯರ ಬಾಯಿಗೆ ತಂದುದು 1971ರ ‘ಹರೇ ರಾಮ ಹರೇ ಕೃಷ್ಣ’ ಚಿತ್ರದ ಆರ್.ಡಿ. ಬರ್ಮನ್ನರ ಸಂಗೀತ, ಎಂದರೆ ದೇಶಭಾಷೆಯಲ್ಲಿ ಹಾಡಿದ ಸಂಗೀತ.

ಇನ್ನು, ಪಶ್ಚಿಮದ್ದೆಂದು ನಾವು ಕೈತೋರಿಸುವ ಆ ನಾದವಾದರೂ ಶುದ್ಧ ಪಶ್ಚಿಮದ್ದೇ? ಅಮೆರಿಕದ ಡಿಕ್ ಡೇಲ್ 1962ರಲ್ಲಿ ಗಿಟಾರಿನಲ್ಲಿ ನುಡಿಸಿ ಸರ್ಫ್ ಸಂಗೀತಕ್ಕೇ ಗುರುತಾದ ‘ಮಿಸಿರ್ಲೂ’ ಎಂಬುದು ಮೆಡಿಟರೇನಿಯನ್ನಿನ ಪೂರ್ವತೀರದ ಹಳೆಯ ಧಾಟಿ. ನುಡಿಸಿದಾತನ ತಂದೆಯ ಮನೆತನ ಲೆಬನಾನಿನದು. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1965ರಲ್ಲಿ ‘ನಾರ್ವೀಜಿಯನ್ ವುಡ್’ ಹಾಡಿಗೆ ಸಿತಾರ್ ನುಡಿಸಿದ ಮೇಲಂತೂ, ಸಿತಾರಿನ ಝೇಂಕಾರವಿಲ್ಲದೆ ಸೈಕೆಡೆಲಿಕ್ ಎಂಬ ಹೆಸರೇ ಸಲ್ಲದೆನ್ನುವಷ್ಟರ ಮಟ್ಟಿಗೆ ಆ ನಾದ ಅಲ್ಲಿ ಬಳಕೆಗೆ ಬಂದಿತು. ಆಂಗ್ಲನು ಸಿತಾರನ್ನು ಹಿಡಿದರೆ ಅದು ಪ್ರಯೋಗ, ಕೊರಿಯಾದವನು ಗಿಟಾರನ್ನು ಹಿಡಿದರೆ ಅದು ಅನುಕರಣ ಎಂಬ ಈ ಇಬ್ಬಗೆಯ ಅಳತೆಗೋಲನ್ನು ಪಶ್ಚಿಮದವರಿಗಿಂತ ಹೆಚ್ಚಾಗಿ ಉಪಯೋಗಿಸುವವರು ನಾವೇ ಎಂಬುದು ಸೋಜಿಗದ ಸಂಗತಿ.

ಈ ಅಳತೆಗೋಲು ಬರಿಯ ರಸಿಕರ ಕೈಯಲ್ಲಿ ಉಳಿದಿದ್ದರೆ ಚಿಂತೆಯಿರಲಿಲ್ಲ. ಅದು ಅಧಿಕಾರಸ್ಥರ ಕೈಗೂ ಹೋಯಿತು. ದಕ್ಷಿಣ ಕೊರಿಯಾದ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಅವರನ್ನು ಹೊಗಳುವ ಹಾಡೊಂದನ್ನು ರಚಿಸಿಕೊಡಬೇಕೆಂಬ ಬೇಡಿಕೆಗೆ ಒಪ್ಪದೆ, ಅದರ ಬದಲು ತಮ್ಮ ನಾಡಿನ ಬೆಟ್ಟ ಹೊಳೆಗಳನ್ನು ಕುರಿತು ಹಾಡು ಕಟ್ಟಿದ ಷಿನ್ ಅವರನ್ನು 1975ರಲ್ಲಿ ಗಾಂಜಾ ಪ್ರಕರಣದಲ್ಲಿ ಸೆರೆಗೆ ತಳ್ಳಲಾಯಿತು. ಅವರ ಹಾಡುಗಳು ನಿಷಿದ್ಧವಾದುವು. ತುರ್ಕಿಯಲ್ಲಿ 1980ರ ಸೈನಿಕ ಕ್ರಾಂತಿಯ ತರುವಾಯ, ಜರ್ಮನಿಯಲ್ಲಿದ್ದ ಕರಾಜಾ ಅವರ ಪೌರತ್ವವನ್ನೇ ಕಿತ್ತುಕೊಂಡರು. ಅವರು ತಾಯ್ನಾಡನ್ನು ಮತ್ತೆ ಕಂಡುದು 1987ರಲ್ಲಿ. ಕಾಂಬೋಡಿಯದ ಪಾಡಂತೂ ಹೇಳತೀರದು. 1975ರ ಏಪ್ರಿಲ್ 17ರಂದು ರಾಜಧಾನಿ ನಾಮ್ ಪೆನ್ ನಗರವನ್ನು ಹಿಡಿದ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಪಡೆ ಊರಿಗೆ ಊರನ್ನೇ ಖಾಲಿಮಾಡಿಸಿತು. ಸಿನ್ ಸಿಸಾಮುತ್, ರೋಸ್ ಸೆರೆಯ್ಸೋತಿಯಾ, ಪ್ಯಾನ್ ರೋನ್ ಮುಂತಾಗಿ ಆ ದೇಶದ ಕಂಠವೇ ಆಗಿದ್ದ ಗಾಯಕರು ಮುಂದಿನ ವರ್ಷಗಳಲ್ಲಿ ಕಣ್ಮರೆಯಾದರು. ವಿದೇಶೀ ಸೋಂಕನ್ನು ತೊಳೆಯುವೆವೆಂದು ಹೊರಟ ಆ ಪಡೆಯ ನಾಯಕ ಪೋಲ್ ಪಾಟ್ ತನ್ನ ಸಿದ್ಧಾಂತವನ್ನು ಕಲಿತುದು ಪ್ಯಾರಿಸ್ಸಿನಲ್ಲಿ ಎಂಬುದನ್ನು ನೆನೆದರೆ, ಪರಿಶುದ್ಧಿಯ ಹೆಸರಿನಲ್ಲಿ ಎತ್ತಿದ ಕೊಡಲಿ ನಿಜವಾಗಿ ಯಾವುದಕ್ಕೆ ಹೆದರಿತ್ತೆಂಬುದು ಸ್ಪಷ್ಟವಾಗುತ್ತದೆ. ಹೊರಗಿನ ಹಾಡು ಹೊರಗಿನದಾಗಿಯೇ ಉಳಿದಿದ್ದರೆ ಅದಕ್ಕೆ ಅಂಜುವ ಕಾರಣವಿರಲಿಲ್ಲ. ಅದು ತಮ್ಮ ಜನರ ಮಾತಿನಲ್ಲಿ ಹಾಡಹತ್ತಿತೆಂಬುದೇ ಅವರ ಭಯಕ್ಕೆ ಮೂಲ.

ಕೊಂದವರು ಹಾಗೆ ಮಾಡಿದರೆ, ಉಳಿಸಿದವರೂ ಪೂರ್ಣ ನ್ಯಾಯ ಸಲ್ಲಿಸಿದರೆಂದು ಹೇಳಲಾಗದು. 1996ರಲ್ಲಿ ಅಮೆರಿಕದಲ್ಲಿ ‘ಕಾಂಬೋಡಿಯನ್ ರಾಕ್ಸ್’ ಎಂಬ ಸಂಕಲನವೊಂದು ಹೊರಬಂದಿತು. ಪ್ರವಾಸಿಯೊಬ್ಬ ಕೊಂಡುತಂದ ಕ್ಯಾಸೆಟ್ಟುಗಳಿಂದ ಆಯ್ದ ಆ ಹಾಡುಗಳು ಲೋಕದ ರಸಿಕರನ್ನು ಬೆರಗುಗೊಳಿಸಿದುವು. ಆದರೆ ಅದರ ಮೇಲೆ ಹಾಡಿನ ಹೆಸರಾಗಲಿ ಹಾಡಿದವರ ಹೆಸರಾಗಲಿ ಅಚ್ಚಾಗಿರಲಿಲ್ಲ. ಪ್ರಾಣವನ್ನೇ ತೆತ್ತ ಕಲಾವಿದರನ್ನು ಅನಾಮಧೇಯ ವಿಚಿತ್ರವಸ್ತುಗಳನ್ನಾಗಿ ಕೇಳಿ ತಲೆದೂಗುವುದು, ಅವರನ್ನು ಅನುಕರಣಕಾರರೆಂದು ತಳ್ಳಿಹಾಕುವುದಕ್ಕಿಂತ ಹೆಚ್ಚಿನ ಗೌರವವೇನೂ ಅಲ್ಲ.

ನಮ್ಮಲ್ಲಿ ರಘು ದೀಕ್ಷಿತ್ ಅವರು ಶಿಶುನಾಳ ಷರೀಫರ ಪದಗಳನ್ನು ಗಿಟಾರಿನೊಡನೆ ಹಾಡಿದರು. ಅದರಿಂದ ಷರೀಫರೇನೂ ವಿದೇಶೀಯರಾಗಿಬಿಡಲಿಲ್ಲ. ಇಂಥ ಪ್ರಯತ್ನಗಳು ಒಬ್ಬಿಬ್ಬರ ಪ್ರತಿಭೆಯ ಮೇಲೆಯೇ ನಿಲ್ಲದೆ ಬೇರುಬಿಡಬೇಕಾದರೆ ತುರ್ಕಿಯ ಆ ಪತ್ರಿಕೆಯ ಮಾದರಿ ನಮ್ಮ ಮುಂದಿದೆ. ಕನ್ನಡದ ಪತ್ರಿಕೆಗಳಲ್ಲಿ ಒಂದಾದರೂ, ವಾದ್ಯ ಯಾವ ಸೀಮೆಯದಾದರೂ ಚಿಂತೆಯಿಲ್ಲ, ಹಾಡು ಮಾತ್ರ ಕನ್ನಡದ್ದಾಗಿರಲಿ ಎಂಬ ಒಂದೇ ನಿಯಮವಿಟ್ಟು ವರ್ಷಕ್ಕೊಂದು ಸ್ಪರ್ಧೆ ನಡೆಸಿದರೆ, ಸಂಸ್ಕೃತಿರಕ್ಷಣೆಯನ್ನು ಕುರಿತ ನೂರು ಸಂಪಾದಕೀಯಗಳಿಗಿಂತ ಅದರಿಂದ ಕನ್ನಡಕ್ಕೆ ಆಗುವ ಪ್ರಯೋಜನ ಹೆಚ್ಚು.