ಮಗ್ಗದ ಧೂಳೂ ಉಸಿರಿನ ಅರಿವೆಯೂ

ನೀರನ್ನು ಸೋಸದೆ ಕುಡಿಯಬಾರದೆಂಬ ರೂಢಿಯು ನಮ್ಮ ಮನೆಗಳಲ್ಲಿ ಬಹು ಹಳೆಯದು. ಆದರೆ ಮನುಷ್ಯನು ದಿನಕ್ಕೆ ಕುಡಿಯುವ ನೀರು ಎರಡು ಮೂರು ಲೀಟರಾದರೆ, ಒಳಗೆಳೆದುಕೊಳ್ಳುವ ಗಾಳಿಯು ಸುಮಾರು 10,000 ಲೀಟರು. ಅದನ್ನು ಸೋಸುವ ವಿಚಾರವು ಎಷ್ಟು ಮನೆಗಳಲ್ಲಿ ಹುಟ್ಟಿರುವದು? ಈ ತಿಂಗಳು ವಾಚಕರ ಮುಂದೆ ಈ ಪ್ರಶ್ನೆಯನ್ನೇ ಇಡುವೆವು.

ಬಾಗಲಕೋಟೆ ಜಿಲ್ಲೆಯ ರಬಕವಿ-ಬನಹಟ್ಟಿಯು ನೇಕಾರರ ಊರು. ಅಲ್ಲಿ ಎಷ್ಟೋ ಕುಟುಂಬಗಳಿಗೆ ಮನೆಯೇ ಕಾರ್ಖಾನೆ. ಎಳೆ ಹರಿಯದಿರಲು ಗಾಳಿಯಲ್ಲಿ ಪಸೆಯಿರಬೇಕೆಂದು ಮಗ್ಗದ ಕೋಣೆಯ ಕಿಟಕಿಗಳನ್ನು ಮುಚ್ಚುವದುಂಟು. ನೂಲಿನಿಂದೆದ್ದ ನವಿರು ಚೂರುಗಳೂ ಗಂಜಿಯ ಹುಡಿಯೂ ಆಗ ಒಳಗೇ ಸುಳಿದಾಡುವವು. ನೇಯುವವನೂ, ಕಂಡಿಕೆ ಸುತ್ತುವ ಹೆಣ್ಣುಮಗಳೂ, ಬದಿಯಲ್ಲಿ ಮಲಗಿದ ಕೂಸೂ ಅದೇ ಗಾಳಿಯನ್ನು ಸೇವಿಸಬೇಕು.

ನಾರಿನ ಧೂಳು ನಿರುಪದ್ರವಿಯಲ್ಲ. ಸೆಣಬು ಅಗಸೆಗಳ ನಾರನ್ನು ಹಿಂಜುವವರ ಕೆಮ್ಮನ್ನು ಇಟಲಿಯ ವೈದ್ಯ ರಾಮಾಜ್ಜೀನಿಯು 1700ರಲ್ಲಿಯೇ ತನ್ನ ಗ್ರಂಥದಲ್ಲಿ ವರ್ಣಿಸಿದ್ದನು. ಅರಳೆಯ ಧೂಳಿನಿಂದ ಬರುವ ಬೇನೆಗೆ ವೈದ್ಯರು ಬಿಸಿನೋಸಿಸ್ ಎನ್ನುವರು. ಮೊದಮೊದಲು ರಜೆಯ ತರುವಾಯ ಕೆಲಸಕ್ಕೆ ಹೋದ ದಿನ ಮಾತ್ರ ಎದೆ ಬಿಗಿಯುವದು. ಬರಬರುತ್ತ ಎಲ್ಲ ದಿನಗಳಿಗೂ ಹಬ್ಬುವದು. ಬಹು ವರ್ಷ ಕಳೆದರೆ ಶ್ವಾಸಕೋಶವು ಮರಳಿ ಸುಧಾರಿಸದು. ಹಿಂಜುವಲ್ಲಿ ಅಪಾಯವು ಹೆಚ್ಚು, ನೇಯುವಲ್ಲಿ ಕಡಿಮೆ, ಆದರೂ ಇಲ್ಲವೆನ್ನುವಂತಿಲ್ಲ. ಅಮೇರಿಕೆಯು 1978ರಲ್ಲಿ ಒಂದು ಘನ ಮೀಟರು ಗಾಳಿಯಲ್ಲಿ ಅರಳೆಯ ಧೂಳು ನೂಲುವಲ್ಲಿ 200, ನೇಯುವಲ್ಲಿ 750 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಧಿಸಿತು.

ದೊಡ್ಡ ಉದ್ಯಮಗಳು ಧೂಳನ್ನು ತಡೆಯಲು ನಾರನ್ನೇ ಬಳಸುವವು. ಮುಧೋಳ ತಾಲೂಕಿನ ಮುದ್ದಾಪುರದಲ್ಲಿ ಸಿಮೆಂಟು ಕಾರ್ಖಾನೆಯಿರುವದು. ಸಿಮೆಂಟು ತಯಾರಿಕೆಯಲ್ಲಿ ಧೂಳುಗಾಳಿಯನ್ನು ಒತ್ತು ನಾರಿನ ಉದ್ದ ಚೀಲಗಳಲ್ಲಿ ಹಾಯಿಸಿ ಹೊರಬಿಡುವ ಪದ್ಧತಿಯು ಲೋಕಪ್ರಸಿದ್ಧವು. ಸಿಮೆಂಟಿನ ಧೂಳಿಗೆ ದೊರೆತ ಈ ಉಪಚಾರವು ಮನೆಯ ಮಗ್ಗದ ಧೂಳಿಗೇಕೆ ದೊರೆಯಬಾರದು?

ಹೆಗಲ ಮೇಲಿನ ವಸ್ತ್ರವನ್ನು ಮೂಗಿಗೆ ಕಟ್ಟಿದರೆ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು. ನೇಯ್ದ ಅರಿವೆಯಲ್ಲಿ ಎಳೆಗಳ ನಡುವಿನ ಸಂದುಗಳೇ ಗಾಳಿಗೆ ಸುಲಭದ ದಾರಿ. ಒಳ್ಳೆಯ ಶೋಧಕವಾದರೋ ಜರಡಿಯಂಥದಲ್ಲ. ಕಂಟಿಗಳು ದಟ್ಟವಾಗಿ ಬೆಳೆದ ಅಡವಿಯಂಥದು. ಗಾಳಿಯು ನಾರನ್ನು ಬಳಸಿ ಹೋಗುವಾಗ ದಪ್ಪ ಕಣವು ತಿರುಗಲಾರದೆ ನಾರಿಗೆ ಬಡಿಯುವದು. ಅತಿ ಸಣ್ಣದು ಅತ್ತಿತ್ತ ತುಯ್ದಾಡಿ ತಾನೇ ತಗಲಿಕೊಳ್ಳುವದು. ವಿಚಿತ್ರವೆಂದರೆ, ಇವೆರಡರ ನಡುವಿನ, ಸುಮಾರು 0.3 ಮೈಕ್ರಾನಿನ ಕಣಗಳೇ ಹೆಚ್ಚಾಗಿ ನುಸುಳುವವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.

ಈ ನುಸುಳುಕೋರರನ್ನು ಹಿಡಿಯಲು ಎರಡು ಉಪಾಯಗಳು ಕೂಡಿಬಂದವು. ಕರಗಿದ ಪ್ಲಾಸ್ಟಿಕನ್ನು ಬಿಸಿಗಾಳಿಯಿಂದ ಊದಿ ಅತಿ ನವಿರಾದ ನಾರು ತೆಗೆಯುವ ವಿಧಾನವನ್ನು ವೆಂಟ್ ಎಂಬ ವಿಜ್ಞಾನಿಯು ಅಮೇರಿಕೆಯ ನೌಕಾದಳದ ಸಂಶೋಧನಾಲಯದಲ್ಲಿ 1950ರ ದಶಕದಲ್ಲಿ ರೂಪಿಸಿದನು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಾದರೆ, ಈ ನಾರು ಒಂದರಿಂದ ಐದು ಮೈಕ್ರಾನ್ ಮಾತ್ರ. ತರುವಾಯ 1990ರ ದಶಕದಲ್ಲಿ ಟೆನೆಸೀ ವಿಶ್ವವಿದ್ಯಾಲಯದ ಪೀಟರ್ ತ್ಸಾಯ್ ಅವರು ಇಂಥ ನಾರಿನಲ್ಲಿ ವಿದ್ಯುದಂಶವನ್ನು ನಿಲ್ಲಿಸುವ ರೀತಿಯನ್ನು ಸಾಧಿಸಿದರು. ತಲೆ ಬಾಚಿದ ಹಣಿಗೆಯು ಕಾಗದದ ಚೂರನ್ನು ಸೆಳೆಯುವಂತೆ ಆ ನಾರು ಕಣಗಳನ್ನು ಸೆಳೆಯುವದು. ಉಸಿರಿಗೆ ತಡೆಯಿಲ್ಲ, ಧೂಳಿಗೆ ದಾರಿಯಿಲ್ಲ. ಎನ್-95 ಮುಖಕವಚದ ಗುಟ್ಟು ಇದೇ: ಅಂಥ ಕಣಗಳಲ್ಲಿ ನೂರಕ್ಕೆ 95ನ್ನಾದರೂ ಅದರ ಪದರವು ತಡೆಯಬೇಕು.

ಬಳಸುವವರು ಕೆಲ ಮಾತುಗಳನ್ನು ನೆನಪಿಡಬೇಕು. ಈ ಕವಚವನ್ನು ಸಾಬೂನಿನಿಂದ ಒಗೆಯಲಾಗದು. ಒಗೆದರೆ ವಿದ್ಯುದಂಶವು ಅಳಿದು, ಕಣ್ಣಿಗೆ ಹೊಸದರಂತೆ ಕಂಡರೂ ಗುಣವು ಕುಂದಿರುವದು. ಪಟ್ಟಿಗಳು ಬಿಗಿಯಾಗಿ, ಅಂಚು ಕೆನ್ನೆಗೆ ಕೂಡಿರಬೇಕು. ಗಡ್ಡವಿದ್ದರೆ ಬದಿಯಿಂದ ಧೂಳು ನುಗ್ಗುವದು. ಉಸಿರಾಡಲು ಕಷ್ಟವೆನಿಸಿದಾಗ ಬದಲಿಸಬೇಕು.

ಆದರೆ ಕವಚವು ಕಡೆಯ ಕಾವಲುಗಾರ, ಮೊದಲಿನದಲ್ಲ. ಮಗ್ಗ ನಿಂತೊಡನೆ ಕಿಟಕಿ ತೆರೆಯುವದು, ಒಣ ಕಸಬರಿಗೆಯ ಬದಲು ಒದ್ದೆ ಅರಿವೆಯಿಂದ ನೆಲವನ್ನೊರಸುವದು, ಬೀಡಿಯನ್ನು ತ್ಯಜಿಸುವದು, ಕೂಸಿನ ತೊಟ್ಟಿಲನ್ನು ಬೇರೆ ಕೋಣೆಗೆ ಸಾಗಿಸುವದು, ಇವಕ್ಕೆ ಹಣ ಬೇಕಿಲ್ಲ. ಕೂಸಿಗೆ ಕವಚ ಕಟ್ಟಲಾಗದು. ಅದಕ್ಕೆ ಶುದ್ಧ ಗಾಳಿಯೊಂದೇ ಗತಿ. ರಜೆಯ ಮರುದಿನ ಎದೆ ಬಿಗಿಯುವದೆಂದು ಮನೆಯಲ್ಲಿ ಯಾರಾದರೂ ಹೇಳಿದರೆ ಅದನ್ನು ಆಲಸ್ಯವೆಂದು ತಿಳಿಯದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಊರವರ ಮಾನವನ್ನು ಮುಚ್ಚುವ ಸೀರೆಯನ್ನು ನೇಯುವ ಕೈಗೆ, ತನ್ನ ಉಸಿರನ್ನು ಕಾಯುವ ಅರಿವೆಯೂ ಸಿಕ್ಕಬೇಕೆಂಬದೇ ನಮ್ಮ ಆಶಯ.