ರೊಟ್ಟಿಯ ವ್ಯಾಖ್ಯೆ ಬರೆದರೆ ರೊಟ್ಟಿ ಬಂದೀತೆ?



ಅಂತೂರ-ಬೆಂತೂರದಿಂದ ಒಬ್ಬ ತಾಯಿ ಹೀಗೆ ಬರೆದಿದ್ದಾರೆ:

"ಅಕ್ಕಾರ, ಹಿರೇಮಗಳು ಕಾಲೇಜಿಗೆ ಹೊಂಟಾಗ ನಾಲ್ಕು ವರ್ಷದ ಡಿಗ್ರಿ ಅಂದ್ರು. ಒಂದ ವರ್ಷ ಓದಿದ್ರೂ ಸರ್ಟಿಫಿಕೇಟ್ ಸಿಗತೈತಿ ಅಂದ್ರು. ಅಷ್ಟ ಸಾಕು ಅಂತ ಬಿಡಿಸಿ ಲಗ್ನಾ ಮಾಡಿದ್ವಿ. ಆ ಕಾಗದ ಟ್ರಂಕಿನ್ಯಾಗ ಐತಿ. ಏನ ಕಲತೀ ಅಂದ್ರ ಆಕಿಗೆ ಹೇಳಾಕ ಬರೂದಿಲ್ಲ. ಈಗ ಸಣ್ಣಾಕಿ ಗದಗಿಗೆ ಬಿ.ಎ.ಗೆ ಹೋಗತಾಳ. ಮತ್ತ ಹೊಸಾ ಸಿಲಬಸ್ ಅಂತ. ಏಳನೇತ್ತೆ ಕಲತಾಕಿ ನಾನು, ಅದನ್ನ ನೋಡಿ ನನಗೇನ ತಿಳೀತೈತ್ರಿ?"

ಖಂಡಿತ ತಿಳಿಯುತ್ತದೆ, ತಾಯಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ಕೇಳಿ, ಅಷ್ಟೇ.

ಮೊದಲು ಈ ವರ್ಷಗಳ ಗೊಂದಲ ಬಿಡಿಸೋಣ. ನಮ್ಮ ರಾಜ್ಯದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪದವಿ ಪಾಠಕ್ರಮ ಬಂತು. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಅದನ್ನು ಬಿಟ್ಟು, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆದ್ದರಿಂದ ಸಣ್ಣ ಮಗಳನ್ನು ನಡುವೆ ಬಿಡಿಸುವ ಮಾತು ಬೇಡವೇ ಬೇಡ.

ಇನ್ನು ಪಾಠಪಟ್ಟಿ. ಗದಗ ಜಿಲ್ಲೆಯ ಪದವಿ ಕಾಲೇಜುಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಾಠಪಟ್ಟಿ. ಅದನ್ನು ಸಿದ್ಧಪಡಿಸುವುದು ಅಲ್ಲಿನ ಅಧ್ಯಯನ ಮಂಡಳಿ. ಪ್ರತಿ ವಿಷಯದ ಮುಂದೆಯೂ "ಕಲಿಕೆಯ ಫಲ" ಎಂದು ನಾಲ್ಕೈದು ಸಾಲು ಇರುತ್ತದೆ. ಇದನ್ನು ಕಲಿತವಳು ಏನು ಮಾಡಬಲ್ಲಳು ಎಂಬ ಮಾತು ಅದು. ಕಾಲೇಜು ನಿಮಗೆ ಕೊಟ್ಟ ವಚನ ಅಂದುಕೊಳ್ಳಿ.

ಆ ಸಾಲುಗಳಲ್ಲಿ ಕ್ರಿಯಾಪದ ಹುಡುಕಿ. ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಗೆ ಆರು ಮೆಟ್ಟಿಲು ಕಟ್ಟಿದರು. 2001ರಲ್ಲಿ ತಿದ್ದಿದ ಮೇಲೆ ಅವು ಹೀಗಿವೆ: ನೆನಪಿಡುವುದು, ಅರ್ಥ ಮಾಡಿಕೊಳ್ಳುವುದು, ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು, ಹೊಸದನ್ನು ಮಾಡುವುದು. ನಾವು ಮಗಳಿಗೆ ಜೋಳದ ರೊಟ್ಟಿ ಕಲಿಸುವಾಗ ಇದನ್ನೇ ಮಾಡುತ್ತೇವಲ್ಲವೇ? ಎಸರು ಎಷ್ಟು ಎಂಬುದು ನೆನಪು. ಹಿಟ್ಟು ಏಕೆ ಬಿರಿಯಿತು ಎಂಬುದು ಅರ್ಥ. ಬಡಿದು ಹಂಚಿಗೆ ಹಾಕುವುದು ಬಳಕೆ. ಹಿಟ್ಟು ಹಳೆಯದಾಗಿದ್ದರೆ ಏನು ಮಾಡಬೇಕೆಂದು ತಾನೇ ಕಂಡುಕೊಳ್ಳುವುದು ಮೇಲಿನ ಮೆಟ್ಟಿಲು.

ಈಗ ಪರೀಕ್ಷೆಯ ಭಾಗ ನೋಡಿ. ವಚನಕ್ಕೂ ಪರೀಕ್ಷೆಗೂ ತಾಳೆಯಾಗುತ್ತದೆಯೇ? ಅರ್ಥಶಾಸ್ತ್ರದಲ್ಲಿ "ಪೇಟೆಯ ಬೆಲೆ ಏಕೆ ಏರಿಳಿಯಿತೆಂದು ವಿವರಿಸಬಲ್ಲಳು" ಎಂದು ಬರೆದಿದೆ ಎನ್ನಿ. ಪ್ರಶ್ನೆಪತ್ರಿಕೆಯಲ್ಲಿ ವರ್ಷ ವರ್ಷವೂ "ಬೇಡಿಕೆ ಎಂದರೇನು?" ಎಂದಷ್ಟೇ ಕೇಳಿದರೆ ಹುಡುಗಿ ಗೈಡು ಉರುಹೊಡೆದು ಪಾಸಾಗುತ್ತಾಳೆ. ಅದೇ ಹುಡುಗಿಯ ಕೈಗೆ ಮನೆಯ ಮೆಣಸಿನಕಾಯಿ ಮಾರಿದ ಚೀಟಿ ಕೊಡಿ, ಹೋದ ವರ್ಷದ್ದೂ ಈ ವರ್ಷದ್ದೂ; ಬಾಯಿ ಕಟ್ಟುತ್ತದೆ. ರೊಟ್ಟಿಯ ವ್ಯಾಖ್ಯೆ ಬರೆಸಿಕೊಂಡು ಅಂಕ ಕೊಟ್ಟ ಹಾಗಾಯಿತು. ನೆನಪು ಬೇಡವೆಂದಲ್ಲ, ಅದು ಮೊದಲ ಮೆಟ್ಟಿಲು. ಅಲ್ಲೇ ನಿಂತರೆ ಅಟ್ಟ ಹತ್ತಿದಂತಾಗದು.

ಅಂಕಗಳನ್ನೂ ಕೇಳಿ ತಿಳಿಯಿರಿ. ಹಿಂದಿನ ಪಾಠಕ್ರಮದಲ್ಲಿ ನೂರಕ್ಕೆ 40 ಅಂಕ ಆಂತರಿಕ, 60 ಸೆಮಿಸ್ಟರ್ ಪರೀಕ್ಷೆಗೆ. ಈಗ ಸಾಮಾನ್ಯವಾಗಿ 20 ಮತ್ತು 80. ಎಂದರೆ ಕುಳಿತು ಬರೆಯುವ ಪರೀಕ್ಷೆಯ ತೂಕ ಹೆಚ್ಚಿತು. ಮಾಡಿ ತೋರಿಸುವ ಅವಕಾಶ ಉಳಿದಿರುವುದು ಆ 20ರಲ್ಲೇ. ಅದನ್ನು ಯಾವುದಕ್ಕೆ ಕೊಡುತ್ತಾರೆ? ಬರೀ ಸಣ್ಣ ಪರೀಕ್ಷೆಗೋ, ಹುಡುಗಿ ತಾನೇ ಮಾಡಿದ ಕೆಲಸಕ್ಕೋ? ಪಾಠಪಟ್ಟಿ ಬದಲಿಸುವುದು ಮೇಷ್ಟ್ರ ಕೈಯಲ್ಲಿಲ್ಲ, ನಿಜ. ಆದರೆ ಈ 20 ಬಹುಮಟ್ಟಿಗೆ ಅವರ ಕೈಯಲ್ಲಿದೆ. ಪಾಲಕರ ಸಭೆಗೆ ಕರೆದಾಗ ಗಂಡಸರನ್ನಷ್ಟೇ ಕಳಿಸಬೇಡಿ. ಹೋಗಿ ಕೇಳಿ. ಜಗಳಕ್ಕಲ್ಲ, ತಿಳಿಯಲಿಕ್ಕೆ.

ಕ್ರೆಡಿಟ್ ಎಂಬ ಮಾತಿಗೂ ಹೆದರಬೇಡಿ. ಒಂದು ಕ್ರೆಡಿಟ್ ಎಂದರೆ ವಾರಕ್ಕೆ ಒಂದು ತಾಸಿನ ಪಾಠ; ಪ್ರಾಯೋಗಿಕವಾದರೆ ಎರಡು ತಾಸು. ಸುಗ್ಗಿಯಲ್ಲಿ ಹೊಲಕ್ಕೆ ಜನ ಸಾಲದೆಂದು ಹುಡುಗಿಯನ್ನು ಹದಿನೈದು ದಿನ ನಿಲ್ಲಿಸಿಕೊಂಡರೆ ಎಷ್ಟು ತಾಸು ಹೋಯಿತೆಂದು ನೀವೇ ಬೆರಳು ಮಡಚಿ ಎಣಿಸಬಹುದು.

ಕಡೆಗೊಂದು ಮಾತು. ವಾರಕ್ಕೊಮ್ಮೆ ರಾತ್ರಿ ಪಾತ್ರೆ ತೊಳೆದಾದ ಮೇಲೆ ಮಗಳನ್ನು ಕೇಳಿ: "ಈ ವಾರ ಏನ ಕಲತೀ? ನನಗ ತಿಳಿಯೂ ಹಂಗ ಹೇಳ." ನಿಮಗೆ ತಿಳಿಯುವಂತೆ ಹೇಳಿದಳೋ, ಆಕೆ ಕಲಿತಿದ್ದಾಳೆ. ಹಿರಿಯವಳನ್ನೂ ಕರೆದು ಕೂರಿಸಿಕೊಳ್ಳಿ. ಓದು ಮುಂದುವರಿಸುವ ಮನಸ್ಸಿದ್ದರೆ ಆ ಕಾಗದವನ್ನು ಟ್ರಂಕಿನಿಂದ ತೆಗೆದು, ಮುಂದೆ ಯಾವ ದಾರಿ ಉಂಟೆಂದು ಕಾಲೇಜಿನಲ್ಲಿ ವಿಚಾರಿಸಿ. ಕೇಳುವುದಕ್ಕೆ ಸಂಕೋಚವೇಕೆ?

ನಿಮ್ಮ ಅಕ್ಕ